ತಾಮಾರ್: ಒಂದು ಮರ, ಒಂದು ಹೆಸರು

ನಮ್ಮ ಹುಣಸೆಗೆ ಅರಬ್ಬರು ಇಟ್ಟ ಹೆಸರು ‘ತಮ್ರ್ ಹಿಂದಿ’, ಅಂದರೆ ಹಿಂದೂಸ್ತಾನದ ಖರ್ಜೂರ. ಇಂಗ್ಲಿಷಿನ ಟ್ಯಾಮರಿಂಡ್ ಹುಟ್ಟಿದ್ದು ಅದರಿಂದಲೇ. ಆ ‘ತಮ್ರ್’ ಪದದ ಒಡಹುಟ್ಟು ಹೀಬ್ರೂ ಭಾಷೆಯ ‘ತಾಮಾರ್’. ಇಸ್ರೇಲಿನಲ್ಲಿ ಇಂದಿಗೂ ಹೆಣ್ಣುಮಕ್ಕಳಿಗೆ ಅಕ್ಕರೆಯಿಂದ ಇಡುವ ಹೆಸರು ಇದು. ಬರೆಯಲು ಮೂರೇ ಅಕ್ಷರ: ತಾವ್, ಮೇಮ್, ರೇಶ್.

ಖರ್ಜೂರ ಎಂದೊಡನೆ ಹೆಸರಿನ ಅರ್ಥ ‘ಸಿಹಿ’ ಅಂದುಕೊಳ್ಳುವವರೇ ಹೆಚ್ಚು. ಆದರೆ ಹೀಬ್ರೂ ಬೈಬಲಿನಲ್ಲಿ ತಾಮಾರ್ ಎಂದರೆ ಖರ್ಜೂರದ ಮರ. ಕಣ್ಣಿಗೆ ಕಟ್ಟುವುದು ಅದರ ನೆಟ್ಟನೆಯ ನಿಲುವು. ಹೊಗೆಯ ಕಂಬಕ್ಕೆ ಅಲ್ಲಿ ಬಳಸಿರುವ ‘ತಿಮರೋತ್’ ಎಂಬ ಪದವೂ ಇದರ ನೆಂಟ. ಬೈಬಲಿನ ಪ್ರೇಮಕಾವ್ಯ ಪರಮಗೀತದಲ್ಲಿ ಪ್ರಿಯತಮೆಯ ನಿಲುವನ್ನು ಹೋಲಿಸಿರುವುದು ಈ ಮರಕ್ಕೇ. ಬೈಬಲಿನ ಮೊದಲ ಪುಸ್ತಕ ಆದಿಕಾಂಡದಲ್ಲಿ ಬರುವ ತಾಮಾರಳು ತನಗೆ ಸಲ್ಲಬೇಕಾದ ನ್ಯಾಯಕ್ಕಾಗಿ ಜೀವವನ್ನೇ ಪಣಕ್ಕಿಟ್ಟವಳು. ಕಡೆಗೆ ಮಾವ ಯೆಹೂದನೇ ‘ಅವಳು ನನಗಿಂತ ನೀತಿವಂತೆ’ ಎಂದು ಒಪ್ಪಿಕೊಂಡ. ಹೆಸರಿಗೆ ತಕ್ಕ ಹೆಣ್ಣು.

ಈ ಮರದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಅದೇ ಕುಲದ ನಮ್ಮ ಈಚಲಿನಲ್ಲೂ ಹಾಗೆಯೇ. ಹಣ್ಣು ಬಿಡುವುದು ಹೆಣ್ಣು ಮಾತ್ರ. ಬೀಜ ಊರಿದರೆ ಸುಮಾರು ಅರ್ಧದಷ್ಟು ಗಂಡಾಗುತ್ತವೆ, ಅದು ತಿಳಿಯುವುದು ವರ್ಷಗಳು ಕಳೆದು ಹೂ ಬಿಟ್ಟಾಗ. ಅದಕ್ಕೇ ಬೆಳೆಗಾರರು ಒಳ್ಳೆಯ ತಾಯಿಮರದ ಬುಡದ ಕಂದುಗಳನ್ನೇ ನೆಡುತ್ತಾರೆ. ಹೆಣ್ಣು ಹೊಂಬಾಳೆ ಒಡೆದ ಕೆಲವೇ ದಿನಗಳೊಳಗೆ ಗಂಡು ಹೊಂಬಾಳೆಯ ಎರಡು ಮೂರು ಎಳೆಗಳನ್ನು ಅದರ ನಡುವೆ ತಲೆಕೆಳಗಾಗಿ ಸಿಕ್ಕಿಸಿ ಸಡಿಲವಾಗಿ ಕಟ್ಟುತ್ತಾರೆ. ತಡವಾದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ. ಪರಾಗ ತಾಗದೆ ಉಳಿದವು ಬೀಜವಿಲ್ಲದ ಚಿಕ್ಕ, ಸಪ್ಪೆ ಕಾಯಿಗಳಾಗುತ್ತವೆ.

ಮೃತಸಮುದ್ರದ ಪಕ್ಕದ ಪ್ರಾಚೀನ ಯೆಹೂದಿ ನಾಡು ಯೂದಾಯದ ಹೆಸರಾಂತ ಹಳೆಯ ಖರ್ಜೂರ ತಳಿಗಳು 19ನೇ ಶತಮಾನದ ಹೊತ್ತಿಗೆ ಕಣ್ಮರೆಯಾಗಿದ್ದವು. 1960ರ ದಶಕದಲ್ಲಿ ಅಲ್ಲಿನ ಮಸಾದಾ ಕೋಟೆಯ ಉತ್ಖನನದಲ್ಲಿ ಸುಮಾರು 2000 ವರ್ಷ ಹಳೆಯ ಬೀಜಗಳು ಸಿಕ್ಕವು. ಜೆರುಸಲೇಮಿನ ಸಂಶೋಧಕಿ ಸಾರಾ ಸಲೋನ್ ಅವುಗಳಲ್ಲಿ ಕೆಲವನ್ನು ಕೇಳಿ ಪಡೆದರು. 2005ರಲ್ಲಿ ಕೃಷಿ ತಜ್ಞೆ ಎಲೇನ್ ಸೊಲೊವೇ ಮೂರು ಬೀಜಗಳನ್ನು ನೀರಿನಲ್ಲಿ ನೆನೆಸಿ, ಮೊಳಕೆಗೆ ನೆರವಾಗುವ ಹಾರ್ಮೋನು ಜಿಬ್ಬರೆಲಿಕ್ ಆಮ್ಲದ ಉಪಚಾರ ಕೊಟ್ಟು, ದಕ್ಷಿಣ ಇಸ್ರೇಲಿನ ಸಮುದಾಯ ಗ್ರಾಮವಾದ ಕೆತೂರಾ ಕಿಬ್ಬುತ್ಸಿನಲ್ಲಿ ಊರಿದರು. ಎಂಟು ವಾರಕ್ಕೆ ಒಂದು ಮೊಳೆಯಿತು. ಮೊದಲ ಎಲೆಗಳಲ್ಲಿ ಬಿಳಿ ಮಚ್ಚೆಗಳಿದ್ದವು. ಗಿಡಕ್ಕೆ ಬೈಬಲಿನ ಅತಿ ದೀರ್ಘಾಯುಷಿಯ ಹೆಸರನ್ನೇ ಇಟ್ಟರು: ಮೆತೂಷೆಲಹ. ಹೂ ಬಿಟ್ಟಾಗ ನೋಡಿದರೆ ಗಂಡು!

ಮೃತಸಮುದ್ರದ ಸುತ್ತಲಿನ ಪ್ರಾಚೀನ ತಾಣಗಳ ಇನ್ನಷ್ಟು ಬೀಜಗಳನ್ನು ಊರಿದಾಗ ಆರು ಮೊಳೆತವು. ಅವುಗಳಲ್ಲಿ ಯೂದಿತ್ ಮತ್ತು ಹನ್ನಾ ಹೆಣ್ಣು. ಮೆತೂಷೆಲಹನ ಪರಾಗವನ್ನು ಹನ್ನಾಳ ಹೊಂಬಾಳೆಗೆ ಕೈಯಿಂದಲೇ ಮುಟ್ಟಿಸಿದರು. 2020ರ ಬೇಸಿಗೆಯಲ್ಲಿ ಅವಳಿಂದ ನೂರಕ್ಕೂ ಹೆಚ್ಚು ಹಣ್ಣು ಕೊಯ್ದರು.