ಮೀಟದ ಗಂಧಾರ

ಗಿಟಾರ್ ಕಲಿಯುವವರು ಮೊದಲ ದಿನಗಳಲ್ಲೇ ಜಿ ಮೇಜರ್ ಕಾರ್ಡ್, ಅಂದರೆ ಜಿ, ಬಿ, ಡಿ ಸ್ವರಗಳ ಗುಚ್ಛ, ಹಿಡಿಯುತ್ತಾರೆ. ದಪ್ಪನೆಯ ಆರನೇ ತಂತಿಗೆ ಮೂರನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ), ಐದನೆಯದಕ್ಕೆ ಎರಡನೇ ಫ್ರೆಟ್, ಒಂದನೆಯದಕ್ಕೆ ಮತ್ತೆ ಮೂರು. ನನಗೆ ಅದರ ಇನ್ನೊಂದು ರೂಪ ಜಾಸ್ತಿ ಇಷ್ಟ. ನಡುಬೆರಳು ಆರನೇ ತಂತಿಯ ಮೂರನೇ ಫ್ರೆಟ್ ಮೇಲೆ. ಅದೇ ಬೆರಳು ಸ್ವಲ್ಪ ವಾಲಿ ಐದನೇ ತಂತಿಗೆ ಸುಮ್ನೆ ತಾಗಬೇಕು, ಆ ತಂತಿ ಮಾತಾಡಬಾರದು. ಉಂಗುರಬೆರಳು, ಕಿರುಬೆರಳು ಎರಡನೇ ಮತ್ತು ಒಂದನೇ ತಂತಿಯ ಮೂರನೇ ಫ್ರೆಟ್‌ಗೆ. ಈಗ ಮೀಟಿ. ಕೆಸರು ತಳಕ್ಕಿಳಿದ ನೀರಿನಂತೆ ಸದ್ದು ತಿಳಿಯಾಗುತ್ತದೆ.

ಯಾಕೆ? ಆರನೇ ತಂತಿಯ ಜಿ ಸೆಕೆಂಡಿಗೆ 98 ಸಲ ಕಂಪಿಸುತ್ತದೆ, ಐದನೆಯದರ ಬಿ ಸುಮಾರು 123 ಸಲ. ಇಷ್ಟು ಹತ್ತಿರದ ಕೆಳಸ್ವರಗಳನ್ನು ಬಿಡಿಸಿ ಕೇಳಲು ಒಳಕಿವಿಗೆ ಕಷ್ಟ, ಎರಡೂ ಸೇರಿ ಗೊರಗೊರ ಅನ್ನುತ್ತವೆ. ಸ್ವರಗಳು ಎಷ್ಟು ಹತ್ತಿರ ಬಂದರೆ ಕಿವಿಗೆ ಒರಟಾಗುತ್ತದೆ ಎಂಬುದನ್ನು ಸಂಶೋಧಕರಾದ ಪ್ಲೊಂಪ್ ಮತ್ತು ಲೆವೆಲ್ಟ್ 1965ರಲ್ಲೇ ಅಳೆದು ತೋರಿಸಿದ್ದಾರೆ. ಅದೇ ಜಿ-ಬಿ ಜೋಡಿಯನ್ನು ಮೇಲೆ, 196 ಮತ್ತು 247ರಲ್ಲಿ ಮೀಟಿದರೆ ಹಿತವಾಗಿರುತ್ತದೆ. ಬಿ ಬೇಕೇ ಬೇಕು ಅನ್ನುವವರು ಎರಡನೇ ತಂತಿಯನ್ನು ಒತ್ತದೆ ಮೀಟಲಿ, ಆ 247ರ ಬಿ ಸಿಗುತ್ತದೆ.

ನನ್ನ ಹಿಡಿತದಲ್ಲಿ ಬಿ ಇಲ್ಲವೇ ಇಲ್ಲ. ಜಿ ನಮ್ಮ ಷಡ್ಜ ಅಂದುಕೊಂಡರೆ ಡಿ ಪಂಚಮ, ಬಿ ಗಂಧಾರ. ಗಂಧಾರವಿಲ್ಲದ್ದನ್ನು ಪುಸ್ತಕ ಮೇಜರ್ ಅನ್ನುವುದಿಲ್ಲ, ಜಿ ಫೈವ್ ಅನ್ನುತ್ತದೆ. ಕಿವಿ ಮಾತ್ರ ಒಪ್ಪುವುದಿಲ್ಲ, ಎಲ್ಲೋ ಗಂಧಾರ ಇದೆ ಅನ್ನಿಸುತ್ತದೆ.

ಉತ್ತರ ಸಿಕ್ಕಿದ್ದು ಬೆಳಗಾವಿಯ ಟಿಳಕವಾಡಿಯಲ್ಲಿ, ಅತ್ತೆಯ ತಂಬೂರಿ ಪಕ್ಕ ಕೂತಾಗ. ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು 1924ರಲ್ಲಿ ಹುಟ್ಟಿದ ಸುಳೇಭಾವಿ ಇಲ್ಲಿಂದ ದೂರವಿಲ್ಲ, ತಂಬೂರಿ ಈ ಕಡೆ ಮನೆಮಾತು. “ಖರ್ಜದ ತಂತಿ ಮೀಟಿ ಸುಮ್ನ ಕೇಳೋ, ಗಂಧಾರ ತಾನ ಬರ್ತೈತಿ,” ಅಂದರು ಅತ್ತೆ. ಖರ್ಜ ಅಂದರೆ ತಂಬೂರಿಯ ಕೆಳ ಷಡ್ಜದ ತಂತಿ. ಬಂತು!

ತಂತಿ ಇಡಿಯಾಗಿ ಕಂಪಿಸುವಾಗಲೇ ಎರಡು, ಮೂರು, ನಾಲ್ಕು, ಐದು ಪಾಲಾಗಿಯೂ ಕಂಪಿಸುತ್ತದೆ. 98ರ ಐದು ಪಟ್ಟು 490, ಅದೇ ಗಂಧಾರ. ಗಿಟಾರಿನ ಫ್ರೆಟ್‌ಗಳು ಸಪ್ತಕವನ್ನು 12 ಸಮಪಾಲು ಮಾಡುವುದರಿಂದ ಅಲ್ಲಿನ ಗಂಧಾರ 494ಕ್ಕೆ ಬೀಳುತ್ತದೆ. ಎರಡೂ ಒಟ್ಟಿಗೆ ಕೇಳಿದರೆ ಸೆಕೆಂಡಿಗೆ ನಾಲ್ಕು ಸಲ ಸದ್ದು ಅಲುಗುತ್ತದೆ. ಬಿ ಮೀಟದಿದ್ದರೆ ತಂತಿಯೊಳಗಿನ ಗಂಧಾರ ಒಂದೇ ಉಳಿಯುತ್ತದೆ, ಅಲುಗಾಟ ಇರುವುದಿಲ್ಲ.

ನೀವೂ ಹುಡುಕಬಹುದು. ಆರನೇ ತಂತಿಯನ್ನು ಒತ್ತದೆ, ನಾಲ್ಕನೇ ಫ್ರೆಟ್‌ಗಿಂತ ಒಂಚೂರು ಮೂರರ ಕಡೆಗೆ ಬೆರಳನ್ನು ಹೂವಿನಂತೆ ತಾಗಿಸಿ ಮೀಟಿ. ಗಂಟೆಯಂಥ ಸಣ್ಣ ಸ್ವರ ಬರುತ್ತದೆ, ಅದು ಆ ತಂತಿಯ ಗಂಧಾರ. ನಾನು ಹೀಗೆ ಮೀಟಿದಾಗ ಅತ್ತೆ ಒಳಗಿನಿಂದಲೇ ಕೂಗಿದರು: “ಹಾಂ, ಇದ ನೋಡು!”