ಕಡತ ತೆರೆಯುವ ಮೊದಲಿನ ವರ್ಷಗಳು

ಹದಿನಾರು ಹದಿನೇಳರ ಹುಡುಗರು ಕೊಲೆ ಪ್ರಕರಣದಲ್ಲಿ ಸಿಕ್ಕಿಬಿದ್ದ ಸುದ್ದಿ ಬಂದಾಗಲೆಲ್ಲ ಮಂಡ್ಯದಲ್ಲಿ ಮಾತು ವಯಸ್ಸಿನ ಸುತ್ತಲೇ ಗಿರಕಿ ಹೊಡೆಯುತ್ತದೆ. ಇಂಥ ಕೃತ್ಯ ಎಸಗಿದವನನ್ನು ಮಗು ಎನ್ನುವುದು ಹೇಗೆ? ಜೀವ ಕಳೆದುಕೊಂಡವರ ಮನೆಯವರಿಗೆ ಹಾಗೆ ಕೇಳುವ ಹಕ್ಕು ಖಂಡಿತ ಇದೆ. ಆದರೆ ಆ ಹುಡುಗ ಅಷ್ಟು ವರ್ಷ ಯಾರ ಆಸರೆಯಲ್ಲಿ ಬೆಳೆದ ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯ, ಮತ್ತು ನಮ್ಮ ಕಾನೂನಿಗೆ ಅದು ಹೊಸದಲ್ಲ.

1897ರ ಸುಧಾರಣಾ ಶಾಲೆಗಳ ಕಾಯ್ದೆ ಅಪರಾಧ ಎಸಗಿದ ಹುಡುಗರನ್ನು ಜೈಲಿನ ಬದಲು ಶಾಲೆಗೆ ಕಳಿಸಲು ದಾರಿ ಮಾಡಿತು. 1920ರಲ್ಲಿ ಮದ್ರಾಸ್, 1922ರಲ್ಲಿ ಬಂಗಾಳ, 1924ರಲ್ಲಿ ಬಾಂಬೆ ಪ್ರಾಂತ್ಯಗಳು ಮಕ್ಕಳ ಕಾಯ್ದೆ ತಂದವು. 1964ರಲ್ಲಿ ಆಗಿನ ಮೈಸೂರು ರಾಜ್ಯದ ಕಾಯ್ದೆ ಬಂತು. 1986ರ ಬಾಲನ್ಯಾಯ ಕಾಯ್ದೆ ಜಮ್ಮು ಮತ್ತು ಕಾಶ್ಮೀರ ಬಿಟ್ಟು ಇಡೀ ದೇಶಕ್ಕೆ ಎರಡು ಬಾಗಿಲು ಇಟ್ಟಿತು: ದಿಕ್ಕಿಲ್ಲದ, ನಿರ್ಲಕ್ಷಿತ ಮಗುವಿಗೆ ಕಲ್ಯಾಣ ಮಂಡಳಿ, ಅಪರಾಧ ಎಸಗಿದ ಮಗುವಿಗೆ ಬಾಲ ನ್ಯಾಯಾಲಯ. 2000ದ ಕಾಯ್ದೆಯಲ್ಲಿ ಅವೇ ಮಕ್ಕಳ ಕಲ್ಯಾಣ ಸಮಿತಿ ಮತ್ತು ಬಾಲನ್ಯಾಯ ಮಂಡಳಿಗಳಾದವು. ಹಸಿದ ಮಗುವನ್ನು ಆರೋಪಿಯ ಪಕ್ಕದಲ್ಲಿ ಕೂರಿಸದಿರುವುದು ಸರಿಯೇ. ತೊಂದರೆ ಇರುವುದು ಬೇರೆಡೆ. ಏಳನೆಯ ವಯಸ್ಸಿನಲ್ಲಿ ಮೊದಲ ಬಾಗಿಲಿಗೆ ಬರಬೇಕಿದ್ದ ಮಗು ಅಲ್ಲಿ ಕಾಣಿಸದೆ, ಹದಿನಾರರಲ್ಲಿ ನೇರವಾಗಿ ಎರಡನೆಯದರ ಮುಂದೆ ನಿಲ್ಲುತ್ತದೆ.

ನಿರ್ಲಕ್ಷ್ಯಕ್ಕೂ ಹಿಂಸೆಗೂ ನಂಟು ಇದೆಯೇ? ಬಾಲ್ಯದಲ್ಲಿ ದೌರ್ಜನ್ಯ ಅಥವಾ ನಿರ್ಲಕ್ಷ್ಯ ಅನುಭವಿಸಿದ್ದು ನ್ಯಾಯಾಲಯದಲ್ಲಿ ಸಾಬೀತಾಗಿದ್ದ 908 ಮಕ್ಕಳ ಮುಂದಿನ ಬದುಕನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾಥಿ ಸ್ಪಾಟ್ಜ್ ವಿಡಮ್ ಪರಿಶೀಲಿಸಿದರು. 1989ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ, ಹೊಡೆತ ತಿನ್ನದೆ ಕೇವಲ ನಿರ್ಲಕ್ಷ್ಯಕ್ಕೆ ಒಳಗಾದವರಲ್ಲೂ ಶೇ 12.5ರಷ್ಟು ಮಂದಿ ಹಿಂಸಾಕೃತ್ಯಕ್ಕಾಗಿ ಬಂಧಿತರಾಗಿದ್ದರು. ಹೋಲಿಕೆಗೆ ಆರಿಸಿದ ಇತರರಲ್ಲಿ ಅದು ಶೇ 7.9. ಅಂತರ ನಿಜ. ಆದರೆ ನಿರ್ಲಕ್ಷಿತರಲ್ಲಿ ನೂರಕ್ಕೆ ಎಂಬತ್ತೇಳು ಮಂದಿ ಅಂಥ ಪ್ರಕರಣದಲ್ಲಿ ಬಂಧಿತರಾಗಲೇ ಇಲ್ಲ ಎಂಬುದೂ ಅದೇ ಲೆಕ್ಕದಲ್ಲಿದೆ. ಅನಾಥ ಮಗುವನ್ನು ಕಂಡೊಡನೆ ನಾಳಿನ ರೌಡಿ ಎಂದುಬಿಡುವವರು ಇದನ್ನು ಗಮನಿಸಬೇಕು.

2012ರ ಡಿಸೆಂಬರ್‌ನ ದೆಹಲಿ ಅತ್ಯಾಚಾರದಲ್ಲಿ ಒಬ್ಬ ಆರೋಪಿಗೆ ಹದಿನೆಂಟು ತುಂಬಿರಲಿಲ್ಲ. ವಯಸ್ಸಿನ ಮಿತಿ ಇಳಿಸಲು, ಆ ಘಟನೆಯ ಬಳಿಕ ಕಾನೂನು ಪರಿಶೀಲನೆಗೆ ನೇಮಕವಾದ ನ್ಯಾಯಮೂರ್ತಿ ವರ್ಮಾ ಸಮಿತಿ ಒಪ್ಪದಿದ್ದರೂ ಸಂಸತ್ತು 2015ರ ಬಾಲನ್ಯಾಯ ಕಾಯ್ದೆ ತಂದಿತು. ಘೋರ ಅಪರಾಧದ ಆರೋಪವಿರುವ 16ರಿಂದ 18ರ ಒಳಗಿನವರ ಬಗ್ಗೆ ಬಾಲನ್ಯಾಯ ಮಂಡಳಿ ಪ್ರಾಥಮಿಕ ಮೌಲ್ಯಮಾಪನ ನಡೆಸಬೇಕು: ಮಾನಸಿಕ, ದೈಹಿಕ ಸಾಮರ್ಥ್ಯ, ಪರಿಣಾಮದ ತಿಳಿವಳಿಕೆ, ಕೃತ್ಯ ನಡೆದ ಸಂದರ್ಭ. ಅದರ ಮೇಲೆ ವಯಸ್ಕರಂತೆ ವಿಚಾರಣೆಗೆ ಕಳಿಸಬಹುದು. ಮರಣದಂಡನೆಯನ್ನಾಗಲಿ, ಬಿಡುಗಡೆಯ ಅವಕಾಶವಿಲ್ಲದ ಜೀವಾವಧಿಯನ್ನಾಗಲಿ ವಿಧಿಸುವಂತಿಲ್ಲ.

ಮನೆಯ ಸ್ಥಿತಿ, ಶಾಲೆ ಬಿಟ್ಟ ಕಾರಣ, ಕುಡಿತ, ಹೊಡೆತ, ಇವೆಲ್ಲ ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) ಮಂಡಳಿಗೆ ಕೊಡುವ ಸಾಮಾಜಿಕ ತನಿಖಾ ವರದಿಯಲ್ಲಿ ದಾಖಲಾಗುತ್ತವೆ. ನನ್ನನ್ನು ಕಾಡುವುದು ಇದೇ. ಒಂದು ಬಾಲ್ಯವನ್ನು ಸರ್ಕಾರ ಅಷ್ಟು ಗಮನವಿಟ್ಟು ಓದುವುದು ರಕ್ತ ಹರಿದ ಮೇಲೆ.

ನಮ್ಮ ಜಿಲ್ಲೆಯಲ್ಲಿ ನಸುಕಿನಲ್ಲೇ ಗಾರ್ಮೆಂಟ್ಸ್ ಕೆಲಸಕ್ಕೆ ಹೊರಡುವ ತಾಯಂದಿರಿದ್ದಾರೆ, ಕಬ್ಬಿನ ಗದ್ದೆಗೂ ಆಲೆಮನೆಗೂ ಕೂಲಿಗೆ ಹೋಗುವ ತಂದೆಯರಿದ್ದಾರೆ. ಅವರನ್ನು ದೂಷಿಸುವುದು ಅನ್ಯಾಯ; ಅಜ್ಜಿಯ ಮಡಿಲಲ್ಲಿ ಚೆನ್ನಾಗಿ ಬೆಳೆದ ಮಕ್ಕಳು ಊರೂರಲ್ಲೂ ಇದ್ದಾರೆ. ಮಗು ಉಂಡಿತೇ, ಶಾಲೆಗೆ ಹೋಯಿತೇ ಎಂದು ವಿಚಾರಿಸುವ ಒಬ್ಬರೂ ಇಲ್ಲದಾಗ ಅದು ನಿರ್ಲಕ್ಷ್ಯವಾಗುತ್ತದೆ. ಕೂಲಿಕಾರರ ಪುಟ್ಟ ಮಕ್ಕಳಿಗೆ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆದದ್ದು ಒಳ್ಳೆಯ ಕೆಲಸ. ಹತ್ತು ಹನ್ನೆರಡರ ಹುಡುಗನಿಗೆ ಶಾಲೆ ಬಿಟ್ಟ ನಂತರದ ಸಂಜೆಯಲ್ಲಿ ಅಂಥ ಜಾಗ ಬೇಕು. ಅವನು ತಿಂಗಳುಗಟ್ಟಲೆ ತರಗತಿಗೆ ಬಾರದಿದ್ದರೆ ಶಿಕ್ಷಕರು ಹಾಜರಿ ಪುಸ್ತಕದಲ್ಲಿ ಗೈರು ಬರೆದು ಸುಮ್ಮನಾಗದೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಲು ಯಾವ ಪೊಲೀಸ್ ಪ್ರಕರಣವೂ ಬೇಕಿಲ್ಲ.