ಅತಿವೇಗದ ದಂಡದ ವಿರುದ್ಧ ಡ್ಯಾಶ್‌ಕ್ಯಾಮ್ ದೃಶ್ಯ ಸಾಕ್ಷ್ಯವಾಗುತ್ತದೆಯೇ?

ಪ್ರಶ್ನೆ: ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಕಾರಿನಲ್ಲಿ ಹೋಗುವಾಗ, ಭರಮಸಾಗರದ ಸಮೀಪ 80 ಕಿ.ಮೀ. ಮಿತಿ ಇರುವಲ್ಲಿ 97 ಕಿ.ಮೀ. ವೇಗದಲ್ಲಿದ್ದೆನೆಂದು ನನಗೆ ಚಲನ್ ಬಂದಿದೆ. ನನ್ನ ಡ್ಯಾಶ್‌ಕ್ಯಾಮ್ ದೃಶ್ಯದ ಮೂಲೆಯಲ್ಲಿ 78 ಎಂದು ನಮೂದಾಗಿದೆ. ಅದನ್ನು ತೋರಿಸಿದರೆ ದಂಡ ರದ್ದಾಗುವುದೇ?

ಉತ್ತರ: ದೃಶ್ಯವನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಕಾನೂನಿನ ಅಡ್ಡಿಯಿಲ್ಲ. ಆದರೆ ತಾವು ನೆಚ್ಚಿಕೊಂಡಿರುವ ಆ 78 ಎಂಬ ಅಂಕಿಯೇ ಆ ದೃಶ್ಯದ ಅತ್ಯಂತ ದುರ್ಬಲ ಭಾಗ. ಆ ವೇಗವನ್ನು ಅಳೆಯುವುದು ಕ್ಯಾಮೆರಾದ ಮಸೂರವಲ್ಲ, ಅದರೊಳಗಿನ ಜಿಪಿಎಸ್. ತೆರೆದ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುತ್ತಿದ್ದರೆ ಜಿಪಿಎಸ್ ಸಾಕಷ್ಟು ನಿಖರವಾಗಿರುತ್ತದೆ; ಲಾರಿಯನ್ನು ಹಿಂದಿಕ್ಕಲು ವೇಗ ಹೆಚ್ಚಿಸಿದಾಗ ಮಾತ್ರ ಪರದೆಯ ಅಂಕಿ ತುಸು ತಡವಾಗಿ ಬದಲಾಗುತ್ತದೆ. ಪೊಲೀಸರ ಸಾಧನಕ್ಕೆ ಪ್ರಮಾಣಪತ್ರವಿರುತ್ತದೆ, ತಮ್ಮದಕ್ಕೆ ಇರುವುದಿಲ್ಲ ಎಂಬ ಆಕ್ಷೇಪವೂ ಸಹಜವಾಗಿ ಬರುತ್ತದೆ.

ಆದ್ದರಿಂದ ಅಂಕಿಯನ್ನು ಬದಿಗಿಟ್ಟು ರಸ್ತೆಯನ್ನೇ ನೋಡಿ. ರಾಷ್ಟ್ರೀಯ ಹೆದ್ದಾರಿ 48ರ ಅಂಚಿನಲ್ಲಿ ಕಿಲೋಮೀಟರ್ ಕಲ್ಲುಗಳೂ ಅವುಗಳ ನಡುವೆ 200 ಮೀಟರ್‌ಗೊಂದರಂತೆ ಸಣ್ಣ ಕಲ್ಲುಗಳೂ ಇರುತ್ತವೆ. 200 ಮೀಟರ್ ದೂರವನ್ನು 80 ಕಿ.ಮೀ. ವೇಗದಲ್ಲಿ ಕ್ರಮಿಸಲು 9 ಸೆಕೆಂಡು ಬೇಕು, 97ರಲ್ಲಿ ಸುಮಾರು 7.4 ಸೆಕೆಂಡು ಸಾಕು. ದೃಶ್ಯವನ್ನು ಒಂದೊಂದೇ ಚೌಕಟ್ಟಾಗಿ ಮುಂದೂಡುತ್ತಾ, ಕಲ್ಲು ಕಿಟಕಿಯಂಚಿಗೆ ಬಂದ ಕ್ಷಣಗಳನ್ನು ಗುರುತಿಸಿದರೆ ಈ ಅಂತರ ಯಾರಿಗಾದರೂ ಕಾಣುತ್ತದೆ. ಎಣಿಕೆಯಲ್ಲಿ ಅರ್ಧ ಸೆಕೆಂಡು ತಪ್ಪಿದರೂ 200 ಮೀಟರ್‌ನ ಲೆಕ್ಕದಲ್ಲಿ ವೇಗ ಗಂಟೆಗೆ ನಾಲ್ಕೈದು ಕಿ.ಮೀ. ವ್ಯತ್ಯಾಸವಾಗುತ್ತದೆ. ಇಡೀ ಕಿಲೋಮೀಟರನ್ನು ಲೆಕ್ಕಕ್ಕೆ ಹಿಡಿದರೆ ಆ ದೋಷ ಗಂಟೆಗೆ ಒಂದು ಕಿ.ಮೀ.ಗಿಂತ ಕಡಿಮೆಯಾಗುತ್ತದೆ ನಿಜ, ಆದರೆ ಅದು ಸರಾಸರಿ ವೇಗವಷ್ಟೇ. ನಡುವೆ ಒಂದು ಕ್ಷಣ 97 ಮುಟ್ಟಿರಲಿಲ್ಲ ಎಂಬುದನ್ನು ಅದು ಸಾಬೀತುಪಡಿಸದು. ಹಾಗಾಗಿ ಚಲನ್‌ನಲ್ಲಿ ಹೇಳಿದ ಸ್ಥಳದ ಹಿಂದು-ಮುಂದಿನ ಕಲ್ಲುಗಳ ನಡುವಿನ ಲೆಕ್ಕವನ್ನೂ ಕೊಡಬೇಕು.

ಗಡಿಯಾರದ ಪ್ರಶ್ನೆಯೂ ಇದೆ. ಡ್ಯಾಶ್‌ಕ್ಯಾಮ್‌ನ ಸಮಯ ಹಲವು ನಿಮಿಷ ಹಿಂದೆ ಮುಂದೆ ಇರುವುದು ಸಾಮಾನ್ಯ. ಅದೇ ದಾರಿಯ ಹೆಬ್ಬಾಳು ಟೋಲ್ ದಾಟುವ ದೃಶ್ಯವನ್ನು ಫಾಸ್ಟ್ಯಾಗ್ ವಹಿವಾಟಿನ ವಿವರದಲ್ಲಿರುವ ಸಮಯದೊಂದಿಗೆ ಹೋಲಿಸಿದರೆ ಆ ವ್ಯತ್ಯಾಸ ಎಷ್ಟೆಂದು ತೋರಿಸಬಹುದು.

ನನ್ನ ದೃಷ್ಟಿಯಲ್ಲಿ ಡ್ಯಾಶ್‌ಕ್ಯಾಮ್ ನಿಜವಾಗಿ ಉಪಯೋಗಕ್ಕೆ ಬರುವುದು ಬೇರೆ ಸಂದರ್ಭಗಳಲ್ಲಿ: ನಂಬರ್ ಪ್ಲೇಟನ್ನು ತಪ್ಪಾಗಿ ಓದಿರುವಾಗ, ಆ ಹೊತ್ತಿಗೆ ಕಾರು ಸರ್ವಿಸ್ ರಸ್ತೆಯಲ್ಲಿದ್ದಾಗ, ಅಥವಾ ವೇಗಮಿತಿಯ ಫಲಕವೇ ಇಲ್ಲದಿದ್ದಾಗ. ವಿಭಜಕವಿರುವ ಚತುಷ್ಪಥ ರಸ್ತೆಯಲ್ಲಿ ಕಾರುಗಳಿಗೆ ಕೇಂದ್ರ ಸರ್ಕಾರ 2018ರಲ್ಲಿ ನಿಗದಿಪಡಿಸಿದ ಗರಿಷ್ಠ ಮಿತಿ 100 ಕಿ.ಮೀ. ಅದಕ್ಕಿಂತ ಕಡಿಮೆ ಮಿತಿಯನ್ನು ಸ್ಥಳೀಯವಾಗಿ ವಿಧಿಸಿದರೆ ಫಲಕ ಹಾಕಬೇಕಾಗುತ್ತದೆ. ಫಲಕ ಇತ್ತೋ ಇಲ್ಲವೋ ಎಂಬುದನ್ನು ತಮ್ಮ ದೃಶ್ಯವೇ ಹೇಳುತ್ತದೆ.

ಇನ್ನು ಹಾಜರುಪಡಿಸುವ ಕ್ರಮ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ, ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯೊಂದಿಗೆ ಎರಡು ಭಾಗಗಳ ಪ್ರಮಾಣಪತ್ರ ಬೇಕು. ಮೊದಲನೆಯದನ್ನು ತಾವು, ಎರಡನೆಯದನ್ನು ತಜ್ಞರು ತುಂಬಬೇಕು, ಮತ್ತು ಕಡತದ ಹ್ಯಾಶ್ ಮೌಲ್ಯವನ್ನು (ಕಡತ ಬದಲಾಗಿಲ್ಲವೆಂದು ಪರಿಶೀಲಿಸಲು ಅದರಿಂದಲೇ ಲೆಕ್ಕಹಾಕಿದ ಗುರುತು) ನಮೂದಿಸಬೇಕು. ಆದ್ದರಿಂದ ಮೂಲ ಮೆಮೊರಿ ಕಾರ್ಡನ್ನು ಕೂಡಲೇ ಹೊರತೆಗೆದು ಜೋಪಾನವಾಗಿಡಿ. ವಾಟ್ಸ್ಆ್ಯಪ್‌ನಲ್ಲಿ ವಿಡಿಯೊವಾಗಿ ಕಳುಹಿಸಿದ ಪ್ರತಿ ಕುಗ್ಗುತ್ತದೆ, ಜಿಪಿಎಸ್ ಮಾಹಿತಿಯನ್ನೂ ಕಳೆದುಕೊಳ್ಳಬಹುದು. ತಮಗೆ ಅನುಕೂಲವಾದ ಹತ್ತು ಸೆಕೆಂಡುಗಳನ್ನು ಮಾತ್ರ ಕತ್ತರಿಸಿ ಕೊಟ್ಟರೆ ಉಳಿದದ್ದೆಲ್ಲಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ಪೂರ್ತಿ ಕೊಟ್ಟರೆ ಮೊಬೈಲ್‌ನಲ್ಲಿ ಮಾತನಾಡಿದ ಧ್ವನಿಯೂ ಅದರಲ್ಲಿರಬಹುದು. ಮೊದಲು ತಾವೇ ಒಮ್ಮೆ ಪೂರ್ತಿ ನೋಡಿ, ಕೇಳಿ.

ಕಾರ್ಡಿನ ವಿಷಯದಲ್ಲಿ ಅವಸರ ಏಕೆಂದರೆ, ಸಣ್ಣ ಕಾರ್ಡುಗಳು ಕೆಲವೇ ಗಂಟೆಗಳ ಪ್ರಯಾಣದಲ್ಲಿ ತುಂಬಿ ಹಳೆಯ ದೃಶ್ಯದ ಮೇಲೆ ಹೊಸದನ್ನು ಬರೆಯುತ್ತವೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಸೇರಿಸಿದ 167ಎ ನಿಯಮದಂತೆ ಕ್ಯಾಮೆರಾ ಆಧಾರಿತ ನೋಟಿಸನ್ನು 15 ದಿನಗಳೊಳಗೆ ಕಳುಹಿಸಬೇಕು. ಅಂದರೆ ನೋಟಿಸು ನಿಯಮಬದ್ಧವಾಗಿಯೇ ಬಂದರೂ ಅಷ್ಟರಲ್ಲಿ ತಮ್ಮ ದೃಶ್ಯ ಅಳಿಸಿಹೋಗಿರಬಹುದು. ಅದೇ ನಿಯಮ ಪೊಲೀಸರ ಸಾಧನದ ಅನುಮೋದನಾ ಪತ್ರವನ್ನು ಪ್ರತಿವರ್ಷ ನವೀಕರಿಸಬೇಕೆನ್ನುತ್ತದೆ. ಆ ಪತ್ರವನ್ನು ಕೇಳಿ ಪಡೆಯುವುದು, ದೃಶ್ಯವನ್ನು ಹಾಜರುಪಡಿಸುವಷ್ಟೇ ಮುಖ್ಯ.

ಲಘು ವಾಹನಕ್ಕೆ ಕೇಂದ್ರದ ಮೋಟಾರು ವಾಹನ ಕಾಯ್ದೆಯ 183ನೇ ಸೆಕ್ಷನ್ ಹೇಳುವ ದಂಡ 1,000ದಿಂದ 2,000 ರೂಪಾಯಿ. ವಕೀಲರ ಶುಲ್ಕ ಅದನ್ನು ಮೀರಬಹುದು. ಆದರೂ ಎರಡನೆಯ ಸಲದ ಅಪರಾಧಕ್ಕೆ ಚಾಲನಾ ಪರವಾನಗಿಯನ್ನೇ ವಶಪಡಿಸಿಕೊಳ್ಳಲು ಅವಕಾಶವಿರುವುದರಿಂದ, ನಿತ್ಯ ವಾಹನ ಓಡಿಸುವವರಿಗೆ ಹೋರಾಟ ವ್ಯರ್ಥವಲ್ಲ. ಮೊದಲು ಆಕ್ಷೇಪಣೆಯನ್ನು ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಒಪ್ಪದಿದ್ದರೆ ನ್ಯಾಯಾಲಯದಲ್ಲಿ ಪ್ರಶ್ನಿಸುವುದಾಗಿ ಚಲನ್‌ನ ಗಡುವಿನೊಳಗೆ ತಿಳಿಸಿ. ಅಲ್ಲಿಯವರೆಗೆ ಹಣ ಕಟ್ಟಬೇಡಿ, ಏಕೆಂದರೆ ಕಟ್ಟಿದೊಡನೆ ಅದೇ ಕಾಯ್ದೆಯ 200ನೇ ಸೆಕ್ಷನ್ ಅಡಿ ಪ್ರಕರಣ ರಾಜಿಯಾಗಿ ಮುಗಿಯುತ್ತದೆ.